ಮದುವೆ ಊಟದ ವಾಂತಿ-ಭೇದಿ ನಿಂತು 4 ವರ್ಷ, ಹೊಟ್ಟೆನೋವು ಮಾತ್ರ ನಿಂತಿಲ್ಲ. ಕರುಳಿನ ನರಕ್ಕೂ ರೋಗನಿರೋಧಕ ಕೋಶಕ್ಕೂ ಮಾತುಕತೆ ಇರುತ್ತಾ?

ಕಾಡುಮಲ್ಲಿಗೆ (ಚರ್ಚೆ ಶುರು ಮಾಡಿದವರು) | ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಪ್ರೈಮರಿ ಶಾಲೆಯ ಟೀಚರ್. ನಾಲ್ಕು ವರ್ಷದ ಹಿಂದೆ ನೆಂಟರ ಮದುವೆಯಲ್ಲಿ ಊಟ ಮಾಡಿ ಬಂದ ರಾತ್ರಿಯೇ ನಮ್ಮ ಮನೆಯ ಮೂವರಿಗೂ ವಾಂತಿ-ಭೇದಿ ಹಿಡಿಯಿತು. ನನಗೆ ಎರಡು ದಿನ ಡ್ರಿಪ್ ಹಾಕಿದರು. ನಮ್ಮ ಯಜಮಾನರು, ಮಗ ಇಬ್ಬರೂ ಒಂದು ವಾರದಲ್ಲಿ ಸರಿಹೋದರು. ನಾನು ಇನ್ನೂ ಸರಿಹೋಗಿಲ್ಲ.

ಊಟ ಮಾಡಿ ಅರ್ಧ ಗಂಟೆಗೆ ಹೊಕ್ಕಳಿನ ಕೆಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಮಕ್ಕಳ ಬಿಸಿಯೂಟ ಮುಗಿಸಿ ನನ್ನ ಡಬ್ಬಿ ತೆಗೆದೆ ಅಂದರೆ ಮುಂದಿನ ಪೀರಿಯಡ್ ಪೂರ್ತಿ ಮೇಜಿನ ಅಂಚು ಹಿಡಿದುಕೊಂಡೇ ಪಾಠ ಮಾಡಬೇಕು. ಸ್ಕ್ಯಾನ್ ಆಯಿತು, ಎಂಡೋಸ್ಕೋಪಿ ಆಯಿತು, ಕೊಲೊನೋಸ್ಕೋಪಿ ಆಯಿತು. ಎಲ್ಲ ನಾರ್ಮಲ್. "ನಿಮಗೆ ಏನೂ ಇಲ್ಲ, ಟೆನ್ಷನ್ ಬಿಡಿ" ಅಂದರು ಒಬ್ಬ ಡಾಕ್ಟರು. ಆ ದಿನ ಮನೆಗೆ ಬಂದು ಅತ್ತುಬಿಟ್ಟೆ. ಏನೂ ಇಲ್ಲದೆ ಯಾರಿಗಾದರೂ ಹೀಗೆ ನೋಯುತ್ತಾ?

ಕರುಳಿನಲ್ಲಿ ನರಗಳೂ ರೋಗನಿರೋಧಕ ಕೋಶಗಳೂ ಒಂದಕ್ಕೊಂದು ಸುದ್ದಿ ಕೊಡುತ್ತವೆ, ಸೋಂಕು ಹೋದ ಮೇಲೂ ಆ ಗಲಾಟೆ ಉಳಿಯಬಹುದು ಅಂತ ಎಲ್ಲೋ ಓದಿದೆ. ನಿಜವಾ? ಗೊತ್ತಿರುವವರು ಬಿಡಿಸಿ ಹೇಳಿ.

ಜೀರಿಗೆ_ಕಷಾಯ | ರಾತ್ರಿ 9:30

ಅಕ್ಕ, ಇದು ಗ್ಯಾಸು. ರಾತ್ರಿ ಜೀರಿಗೆ ನೆನೆಹಾಕಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಿರಿ. ನಮ್ಮ ಅತ್ತೆಗೆ 15 ದಿನದಲ್ಲಿ ಹೋಯಿತು.

ಕಾಡುಮಲ್ಲಿಗೆ | ರಾತ್ರಿ 9:34

ಜೀರಿಗೆ, ಓಮ, ಇಂಗು, ಮಜ್ಜಿಗೆ ಎಲ್ಲ ಆಗಿದೆ. ಆ ಹೊತ್ತಿಗೆ ಸ್ವಲ್ಪ ಹಾಯೆನಿಸುತ್ತದೆ, ಅಷ್ಟೇ.

ಸೂಕ್ಷ್ಮದರ್ಶಿ | ರಾತ್ರಿ 10:05

ನಿಜ ಮೇಡಂ. ನಾನು ಪಿಎಚ್‌ಡಿ ಮಾಡುತ್ತಿರುವುದೇ ಕರುಳಿನ ನರಗಳ ಮೇಲೆ. ನಿಮ್ಮ ಕಥೆಗೆ ತುಂಬಾ ಹತ್ತಿರದ ಪ್ರಯೋಗವೇ ನಡೆದಿದೆ. ಅದಕ್ಕೂ ಮೊದಲು ಸ್ವಲ್ಪ ಹಿನ್ನೆಲೆ.

ಕರುಳಿನ ಗೋಡೆಯೊಳಗೆ ಎರಡು ನರಜಾಲಗಳಿವೆ. ಒಂದು ಒಳಗಿನ ಲೋಳೆಪದರದ ಕೆಳಗೆ. ಅದನ್ನು 1857ರಲ್ಲಿ ಜರ್ಮನಿಯ ಮೈಸ್ನರ್ ವಿವರಿಸಿದರು. ಇನ್ನೊಂದು ಎರಡು ಸ್ನಾಯು ಪದರಗಳ ನಡುವೆ. ಅದನ್ನು 1860ರ ದಶಕದಲ್ಲಿ ಆವರ್‌ಬಾಖ್ ತೋರಿಸಿದರು. ಎರಡೂ ಸೇರಿದರೆ 10 ಕೋಟಿಗೂ ಜಾಸ್ತಿ ನರಕೋಶ. 1899ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಆಗಲೂ ಕರುಳು ಒಳಗಿದ್ದುದನ್ನು ಮುಂದಕ್ಕೆ ತಳ್ಳುತ್ತಲೇ ಇತ್ತು. ಮಿದುಳನ್ನು ಕೇಳದೆ ತನ್ನ ಕೆಲಸ ತಾನೇ ಮಾಡಿಕೊಳ್ಳುವ ಅಂಗ ಅದು.

ಇನ್ನು ನಾನು ದಿನಾ ನೋಡುವುದು. ಇಲಿಯ ಕರುಳಿನ ತುಂಡನ್ನು ಉದ್ದಕ್ಕೆ ಸೀಳಿ, ಬಿಚ್ಚಿ, ಸುತ್ತಲೂ ಪಿನ್ನು ಚುಚ್ಚಿ ಚಾಪೆಯ ಹಾಗೆ ಹರಡುತ್ತೇವೆ. ಚಿಮಟದಲ್ಲಿ ಸ್ನಾಯು ಪದರವನ್ನು ನಿಧಾನಕ್ಕೆ ಎಬ್ಬಿಸಬೇಕು. ಈರುಳ್ಳಿಯ ಎರಡು ಪದರದ ನಡುವೆ ಗಾಜಿನಂಥ ತೆಳು ಪೊರೆ ಇರುತ್ತಲ್ಲ, ಅದನ್ನು ಹರಿಯದ ಹಾಗೆ ಬಿಡಿಸುವ ಕೆಲಸ. ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹಸಿರು ಮೀನುಬಲೆ ಕಾಣುತ್ತದೆ. ಅದು ನರ. ಬಲೆಯ ಗಂಟುಗಳಿಗೆ ಒತ್ತಿಕೊಂಡು ಕೈಕಾಲು ಚಾಚಿದ ಕೆಂಪು ಕೋಶಗಳು. ಅವು ಮ್ಯಾಕ್ರೋಫೇಜ್, ಅಂದರೆ ರೋಗನಿರೋಧಕ ಕೋಶ. ಮೊದಲ ಸಲ ನೋಡಿದಾಗ ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ. ಇಷ್ಟು ಹತ್ತಿರ ಕೂತವರು ಮಾತಾಡದೆ ಇರುತ್ತಾರಾ ಅನ್ನಿಸಿತು.

ಮಾತಾಡುತ್ತವೆ ಅಂತ 2014ರಲ್ಲಿ ಗೊತ್ತಾಯಿತು. ಈ ಮ್ಯಾಕ್ರೋಫೇಜ್‌ಗಳು ಬಿಎಂಪಿ2 ಅನ್ನುವ ಪ್ರೋಟೀನ್ ಬಿಡುತ್ತವೆ. ಅದು ನರಕ್ಕೆ ತಾಗಿ ಕರುಳಿನ ಚಲನೆ ಬದಲಾಗುತ್ತದೆ. ನರಗಳು ಪ್ರತಿಯಾಗಿ ಇನ್ನೊಂದು ಪ್ರೋಟೀನ್, ಸಿಎಸ್‌ಎಫ್1 ಕೊಡುತ್ತವೆ. ಮ್ಯಾಕ್ರೋಫೇಜ್ ಬದುಕಲು ಅದು ಬೇಕೇ ಬೇಕು. ಇಲಿಗೆ ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತೆಗೆದರೆ ಈ ಕೊಡು-ಕೊಳ್ಳುವಿಕೆ ಸೊರಗುತ್ತದೆ.

ಮುಂದಿನದು ಊಟ ಮಾಡಿ ಬಂದು ಬರೆಯುತ್ತೇನೆ.

ಪ್ರಾಣಾಯಾಮಿ | ರಾತ್ರಿ 10:20

ನಮ್ಮ ರೋಗನಿರೋಧಕ ಶಕ್ತಿಯ 70 ಪರ್ಸೆಂಟ್ ಹೊಟ್ಟೆಯಲ್ಲೇ ಇದೆ, ಸಿರೋಟೊನಿನ್ (ನರಗಳ ಸುದ್ದಿ ಒಯ್ಯುವ ರಾಸಾಯನಿಕ) 95 ಪರ್ಸೆಂಟ್ ಹೊಟ್ಟೆಯಲ್ಲೇ ತಯಾರಾಗುತ್ತದೆ. ಹೊಟ್ಟೆ ಸರಿ ಇದ್ದರೆ ಮನಸ್ಸು ಸರಿ. ಅಷ್ಟೇ ವಿಷಯ.

ಲೆಕ್ಕಾಚಾರಿ | ರಾತ್ರಿ 10:31

ಆ 70 ಪರ್ಸೆಂಟ್ ಅನ್ನೋದು ಒಬ್ಬರಿಂದ ಒಬ್ಬರಿಗೆ ಹಬ್ಬಿದ ಲೆಕ್ಕ. ಮೂಳೆಮಜ್ಜೆ, ದುಗ್ಧಗ್ರಂಥಿ, ಗುಲ್ಮ, ಇವೆಲ್ಲ ಎಲ್ಲಿ ಹೋದವು? ಕರುಳಿನಲ್ಲಿ ಜಾಸ್ತಿ ಇದೆ ಅನ್ನಿ, ಒಪ್ಪುತ್ತೇನೆ.

ಸಿರೋಟೊನಿನ್ ಬಹುಪಾಲು ಕರುಳಿನಲ್ಲಿ ತಯಾರಾಗುವುದು ಸರಿ. ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಹೊಟ್ಟೆಯ ಸಿರೋಟೊನಿನ್‌ನಿಂದ ನೇರವಾಗಿ ಖುಷಿ ಬರುತ್ತದೆ ಅನ್ನೋದು ತಪ್ಪು.

ಪ್ರಾಣಾಯಾಮಿ | ರಾತ್ರಿ 10:36

ಹಾಗಾದರೆ ಹೊಟ್ಟೆಯ ಸಿರೋಟೊನಿನ್ ಯಾಕಿದೆ ಸ್ವಾಮಿ?

ಹಳ್ಳಿ_ಡಾಕ್ಟ್ರು | ರಾತ್ರಿ 10:48

ಕರುಳು ಅಲ್ಲಾಡುವುದಕ್ಕೆ, ವಾಕರಿಕೆಯ ಸುದ್ದಿ ಮೇಲಕ್ಕೆ ಕಳಿಸುವುದಕ್ಕೆ. ವಾಂತಿಗೆ ನಾವು ಕೊಡುವ ಒಂಡಾನ್ಸೆಟ್ರಾನ್ ಕೆಲಸ ಮಾಡುವುದು ಅದೇ ಸಿರೋಟೊನಿನ್ನಿನ ಒಂದು ಗ್ರಾಹಕವನ್ನು, ಅಂದರೆ ಅದರ ಸುದ್ದಿ ಹಿಡಿಯುವ ಕೊಂಡಿಯನ್ನು, ಮುಚ್ಚಿ. ಕಾಡುಮಲ್ಲಿಗೆ ಮೇಡಂಗೆ ಡ್ರಿಪ್ ಹಾಕಿದ ರಾತ್ರಿ ಇದನ್ನೂ ಕೊಟ್ಟಿರುತ್ತಾರೆ.

ಸೂಕ್ಷ್ಮದರ್ಶಿ | ರಾತ್ರಿ 11:10

ಬಂದೆ. ಈಗ ನಿಮ್ಮ ಪ್ರಶ್ನೆ.

ಕರುಳಿನ ಲೋಳೆಪದರದಲ್ಲಿ ಮಾಸ್ಟ್ ಕೋಶ ಅಂತ ಇವೆ. ಒಳಗೆಲ್ಲ ಹಿಸ್ಟಮಿನ್ ಅನ್ನುವ ರಾಸಾಯನಿಕ ತುಂಬಿದ ಸಣ್ಣ ಸಣ್ಣ ಕಾಳು. ಅಲರ್ಜಿಯಲ್ಲಿ ಮೈ ಕೆರೆತ ಬರುವುದು ಇವು ಒಡೆದಾಗ. 2004ರಲ್ಲಿ ಇಟಲಿಯ ಬೊಲೊನ್ಯಾದ ವೈದ್ಯರು ಐಬಿಎಸ್ (ಪರೀಕ್ಷೆಯಲ್ಲಿ ಏನೂ ಸಿಗದೆ ಹೊಟ್ಟೆನೋವು, ಮಲದ ಏರುಪೇರು ಉಳಿದುಕೊಳ್ಳುವ ಕಾಯಿಲೆ) ಇದ್ದವರ ದೊಡ್ಡ ಕರುಳಿನಿಂದ ಚೂರು ತೆಗೆದು ನೋಡಿದರು. ಒಡೆಯುತ್ತಿರುವ ಮಾಸ್ಟ್ ಕೋಶಗಳು ನರಕ್ಕೆ ಎಷ್ಟು ಹತ್ತಿರ ಇದ್ದವೋ, ಹೊಟ್ಟೆನೋವು ಅಷ್ಟು ಜಾಸ್ತಿ ಇತ್ತು. ನೆನಪಿಡಿ, ಅವರ ಕೊಲೊನೋಸ್ಕೋಪಿಯಲ್ಲೂ ಹುಣ್ಣು, ಗಡ್ಡೆ ಏನೂ ಇರಲಿಲ್ಲ. ಕ್ಯಾಮೆರಾ ತೋರಿಸುವುದು ಮೇಲ್ಮೈ ಮಾತ್ರ. ನರ, ಮಾಸ್ಟ್ ಕೋಶ ಅದರ ಕಣ್ಣಿಗೆ ಬೀಳುವುದಿಲ್ಲ.

2021ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಗೀ ಬೂಕ್‌ಸ್ಟಾನ್ಸ್ ಅವರ ತಂಡ ಇನ್ನೂ ಮುಂದೆ ಹೋಯಿತು. ಇಲಿಗಳಿಗೆ ಕರುಳಿನ ಸೋಂಕು ತರಿಸಿ, ಅದೇ ಹೊತ್ತಿಗೆ ಮೊಟ್ಟೆಯ ಬಿಳಿ ಭಾಗದ ಒಂದು ಪ್ರೋಟೀನ್ ತಿನ್ನಿಸಿದರು. ಸೋಂಕು ಪೂರ್ತಿ ವಾಸಿಯಾಯಿತು. ವಾರಗಳಾದ ಮೇಲೆ ಮತ್ತೆ ಆ ಪ್ರೋಟೀನ್ ಕೊಟ್ಟರೆ ಇಲಿಯ ಹೊಟ್ಟೆ ನೋಯತೊಡಗಿತು. ಸೋಂಕಿಲ್ಲದೆ ಅದನ್ನೇ ತಿಂದ ಇಲಿಗೆ ಏನೂ ಆಗಲಿಲ್ಲ. ಅಂದರೆ ಸೋಂಕಿನ ಗದ್ದಲದಲ್ಲಿ ರೋಗನಿರೋಧಕ ವ್ಯವಸ್ಥೆ ಪಾಪದ ಆಹಾರವನ್ನೂ ಕಳ್ಳರ ಪಟ್ಟಿಗೆ ಸೇರಿಸಿತು. ಅದರ ವಿರುದ್ಧ ಐಜಿಇ ಅನ್ನುವ ಪ್ರತಿಕಾಯ ಮಾಡಿಟ್ಟುಕೊಂಡಿತು. ಮುಂದೆ ಆ ಆಹಾರ ಬಂದಾಗಲೆಲ್ಲ ಮಾಸ್ಟ್ ಕೋಶ ಒಡೆಯುತ್ತದೆ, ಹಿಸ್ಟಮಿನ್ ನರಕ್ಕೆ ತಾಗುತ್ತದೆ, ನೋವಿನ ನರ ಚುರುಕಾಗುತ್ತದೆ.

ಮುಖ್ಯ ವಿಷಯ, ಈ ಐಜಿಇ ಕರುಳಿನಲ್ಲಿ ಮಾತ್ರ ಇತ್ತು. ರಕ್ತದಲ್ಲಿ ಇರಲಿಲ್ಲ. ಹಾಗಾಗಿ ರಕ್ತದ ಅಲರ್ಜಿ ಟೆಸ್ಟಿನಲ್ಲಿ ಸಿಗುವುದಿಲ್ಲ.

ಕಾಡುಮಲ್ಲಿಗೆ | ರಾತ್ರಿ 11:19

ಓದುತ್ತಾ ಕೈ ನಡುಗಿತು. ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ಒಂದು ವಾರ ನಾನು ತಿಂದದ್ದು ಬ್ರೆಡ್ಡು ಮತ್ತು ಹಾಲು. ಅಷ್ಟೇ.

ಲೆಕ್ಕಾಚಾರಿ | ರಾತ್ರಿ 11:25

ಒಂದು ನಿಮಿಷ. ಇದು ಇಲಿ. ಇಲಿಯ ಮೇಲೆ ಆದದ್ದನ್ನು ಟೀಚರ್ ಮೇಲೆ ಹೇರಬೇಡಿ. ಅವರು ನಾಳೆಯಿಂದ ಹಾಲೂ ಗೋಧಿಯೂ ಬಿಟ್ಟು ಕೂತರೆ ಯಾರು ಹೊಣೆ?

ಸೂಕ್ಷ್ಮದರ್ಶಿ | ರಾತ್ರಿ 11:40

ಕೇಳಬೇಕಾದ ಪ್ರಶ್ನೆಯೇ. ಅದೇ ತಂಡ ಮನುಷ್ಯರ ಮೇಲೂ ನೋಡಿದೆ. ಐಬಿಎಸ್ ಇರುವ 12 ಜನರ ದೊಡ್ಡ ಕರುಳಿನ ಒಳಗೋಡೆಗೆ ಗೋಧಿ, ಗ್ಲುಟನ್ (ಗೋಧಿಯ ಪ್ರೋಟೀನ್), ಸೋಯಾ, ಹಾಲು ಇವುಗಳ ಸಾರವನ್ನು ಸೂಜಿಯಲ್ಲಿ ಚುಚ್ಚಿ ನೋಡಿದರು. 12 ಜನರಲ್ಲೂ ಯಾವುದಾದರೂ ಒಂದಕ್ಕಾದರೂ ಊತ ಬಂತು. ಆರೋಗ್ಯವಾಗಿದ್ದ 8 ಜನರಲ್ಲಿ ಇಬ್ಬರಿಗೆ ಮಾತ್ರ.

12 ಜನ ಅಂದರೆ ಕಡಿಮೆಯೇ. ಎಲ್ಲ ಐಬಿಎಸ್‌ಗೂ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ಹಿಸ್ಟಮಿನ್ ತಡೆಯುವ ಎಬಾಸ್ಟಿನ್ ಅನ್ನುವ ಅಲರ್ಜಿ ಮಾತ್ರೆಯನ್ನು ಅವರು ಆಮೇಲೆ 200ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು. ಗುಣ ಕಂಡದ್ದು ಸ್ವಲ್ಪ ಜನಕ್ಕೆ ಮಾತ್ರ. ಬಾಗಿಲು ಒಂದೇ ಅಲ್ಲ, ಹಲವು ಇವೆ.

ಲೆಕ್ಕಾಚಾರಿ | ರಾತ್ರಿ 11:43

ಇದನ್ನು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಈಗ ಸರಿ.

ವಾರ್ಡ್_ನಂಬರ್_3 | ಭಾನುವಾರ, ಬೆಳಿಗ್ಗೆ 6:50

ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಓದುತ್ತಿದ್ದೇನೆ. ನಾನು ಮಕ್ಕಳ ಸರ್ಜರಿ ವಾರ್ಡಿನ ನರ್ಸ್. ಕರುಳಿನ ನರ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅದು ಇಲ್ಲದ ಕೂಸುಗಳನ್ನು ನೋಡಿ.

ಹಿರ್ಷ್‌ಸ್ಪ್ರಂಗ್ ಕಾಯಿಲೆ ಅಂತ. ಸುಮಾರು 5,000 ಹೆರಿಗೆಗೆ ಒಂದು. ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ನರಕೋಶ ತಲುಪಿರುವುದೇ ಇಲ್ಲ. ಹುಟ್ಟಿ ಎರಡು ದಿನ ಆದರೂ ಕೂಸು ಮಲ ಮಾಡುವುದಿಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ಚರ್ಮ ಮಿಂಚುತ್ತದೆ. ಕರುಳಿನ ಆ ತುಂಡು ಮುದುಡಿಕೊಂಡೇ ಇರುತ್ತದೆ, ಬಿಡುವುದೇ ಇಲ್ಲ. ಆಪರೇಷನ್ ಮಾಡಿ ಅದನ್ನು ತೆಗೆಯುತ್ತಾರೆ.

ನಮಗೆ ಅದಕ್ಕಿಂತ ದೊಡ್ಡ ಹೆದರಿಕೆ ಕರುಳಿನ ಉರಿಯೂತ. ಆಪರೇಷನ್ ಚೆನ್ನಾಗಿ ಆದ ಮೇಲೂ ಕೆಲವು ಮಕ್ಕಳಿಗೆ ಜ್ವರ, ನಾರುವ ಭೇದಿ, ಹೊಟ್ಟೆ ಉಬ್ಬರ ಬಂದುಬಿಡುತ್ತದೆ. ಬರೀ ಕಟ್ಟಿಕೊಂಡಿದ್ದಕ್ಕೆ ಉರಿಯೂತ ಬರುವುದಾದರೆ, ಕಟ್ಟಿದ್ದು ಬಿಟ್ಟ ಮೇಲೆ ಯಾಕೆ ಬರಬೇಕು? ಸೂಕ್ಷ್ಮದರ್ಶಿಯವರು ಬರೆದದ್ದು ಓದಿದ ಮೇಲೆ ಇದೇ ಯೋಚನೆ ಬರುತ್ತಿದೆ.

ಸೂಕ್ಷ್ಮದರ್ಶಿ | ಬೆಳಿಗ್ಗೆ 8:15

ಸಿಸ್ಟರ್, ಒಳ್ಳೆ ಕಡೆ ಕೈ ಇಟ್ಟಿರಿ. ನರದ ಜೊತೆಗೇ ಗ್ಲಿಯಾ ಅನ್ನುವ ಪೋಷಕ ಕೋಶಗಳಿವೆ. ಇಲಿಗಳಲ್ಲಿ ಆ ಗ್ಲಿಯಾ ಬ್ಯಾಕ್ಟೀರಿಯಾದ ಸುಳಿವು ಹಿಡಿದು ಪಕ್ಕದ ರೋಗನಿರೋಧಕ ಕೋಶಕ್ಕೆ ಹೇಳುತ್ತವೆ. ಅದು ಐಎಲ್-22 ಅನ್ನುವ ಪ್ರೋಟೀನ್ ಬಿಟ್ಟು ಕರುಳಿನ ಒಳಗೋಡೆಯನ್ನು ಗಟ್ಟಿ ಮಾಡುತ್ತದೆ. 2016ರಲ್ಲಿ ಲಿಸ್ಬನ್ನಿನ ಎನ್ರಿಕೆ ವೇಗಾ-ಫರ್ನಾಂಡಿಸ್ ತಂಡ ಕಂಡದ್ದು. ಗ್ಲಿಯಾದ ಮಾತು ಕೇಳಲು ಆ ರೋಗನಿರೋಧಕ ಕೋಶಕ್ಕೆ ಬೇಕಾದ ರೆಟ್ ಅನ್ನುವ ಜೀನ್ ಕೆಟ್ಟರೆ ಬರುವ ಕಾಯಿಲೆಗಳಲ್ಲಿ ಹಿರ್ಷ್‌ಸ್ಪ್ರಂಗ್ ಕೂಡ ಒಂದು.

ವಾರ್ಡ್_ನಂಬರ್_3 | ಬೆಳಿಗ್ಗೆ 8:21

ಮೈ ಜುಮ್ಮೆಂದಿತು. ಇವತ್ತು ನಿದ್ದೆ ಬಂದ ಹಾಗೇ.

ಬ್ಯಾಡಗಿ_ಹುಡುಗ | ಬೆಳಿಗ್ಗೆ 9:02

ಹೊಟ್ಟಿನೋವು ಅಂದ್ರ ಸಾಕು, ಎಲ್ಲಾರೂ ಖಾರ ಬಿಡ್ರೀ ಅಂತ ಹೇಳ್ತಾರ. ನಮ್ಮ ಮನಿಯೊಳಗ ಮೂರು ಹೊತ್ತೂ ಖಾರ. ಯಾರಿಗೂ ಹೊಟ್ಟಿನೋವು ಇಲ್ಲ. ಖಾರದ್ದೂ ನರದ್ದೂ ಏನು ಸಂಬಂಧ ಐತಿ ಹೇಳ್ರಿ.

ಸೂಕ್ಷ್ಮದರ್ಶಿ | ಬೆಳಿಗ್ಗೆ 9:30

ದೊಡ್ಡ ಸಂಬಂಧ ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾಗುವುದು ನೋವಿನ ನರದ ಟಿಆರ್‌ಪಿವಿ1 ಅನ್ನುವ ಗ್ರಾಹಕಕ್ಕೆ. 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಅದನ್ನು ಗುರುತಿಸಿತು, 2021ರ ನೊಬೆಲ್ ಅದಕ್ಕೇ ಬಂತು. ಹಿಸ್ಟಮಿನ್ ನರವನ್ನು ಚುರುಕು ಮಾಡುತ್ತದೆ ಅಂದೆನಲ್ಲ, ಅದು ಹದ ತಪ್ಪಿಸುವುದು ಇದೇ ಗ್ರಾಹಕವನ್ನು.

ನನಗೆ ತುಂಬಾ ಇಷ್ಟವಾದ ಕೆಲಸ ಇನ್ನೊಂದಿದೆ. ಹಾರ್ವರ್ಡ್‌ನ ಐಸಾಕ್ ಚಿಯು ತಂಡ ನೋವಿನ ನರಗಳನ್ನೇ ತೆಗೆದ ಇಲಿಗಳಿಗೆ ಸಾಲ್ಮೊನೆಲ್ಲಾ ಕೊಟ್ಟಿತು. ಅವುಗಳಿಗೆ ಸೋಂಕು ಜಾಸ್ತಿ ಆಯಿತು. ಕರುಳಿನ ಗೋಡೆಯಲ್ಲಿ ಎಂ ಕೋಶ ಅನ್ನುವ ಕಿಂಡಿಗಳಿವೆ. ಸಾಲ್ಮೊನೆಲ್ಲಾ ನುಗ್ಗುವುದು ಅಲ್ಲಿಂದ. ನೋವಿನ ನರ ಆ ಕಿಂಡಿಗಳ ಸಂಖ್ಯೆಯನ್ನು ಕಡಿಮೆ ಇಡುತ್ತದೆ. 2022ರಲ್ಲಿ ಮತ್ತೊಂದು ಗೊತ್ತಾಯಿತು. ಅದೇ ನರ ಲೋಳೆ ಸುರಿಸುವಂತೆ ಗಾಬ್ಲೆಟ್ ಕೋಶಗಳಿಗೆ ಹೇಳುತ್ತದೆ. ನೋವು ಅಂದರೆ ಬರೀ ಗಂಟೆ ಬಾರಿಸುವುದಲ್ಲ, ಬಾಗಿಲು ಹಾಕುವ ಕೆಲಸವನ್ನೂ ಅದೇ ನರ ಮಾಡುತ್ತದೆ.

ಬ್ಯಾಡಗಿ_ಹುಡುಗ | ಬೆಳಿಗ್ಗೆ 9:36

ಅಂದ್ರ ಖಾರ ತಿಂದ್ರ ಹೊಟ್ಟಿಗೆ ರಕ್ಷಣೆ! ಟೀಚರಮ್ಮ, ನಾಳಿಯಿಂದ ಎರಡು ರೊಟ್ಟಿ, ಕೆಂಪು ಚಟ್ನಿ.

ಹಳ್ಳಿ_ಡಾಕ್ಟ್ರು | ಬೆಳಿಗ್ಗೆ 9:50

ದಯವಿಟ್ಟು ಬೇಡ. ನಿಮ್ಮ ಮನೆಯವರಿಗೆ ಚಿಕ್ಕಂದಿನಿಂದ ಅಭ್ಯಾಸ. ಐಬಿಎಸ್ ಇರುವ ಎಷ್ಟೋ ಜನಕ್ಕೆ ಖಾರ ತಿಂದ ದಿನ ನೋವು ಹೆಚ್ಚುತ್ತದೆ. ಕೆರಳಿದ ನರಕ್ಕೆ ಇನ್ನಷ್ಟು ಕೆರಳಿಸುವುದನ್ನು ಕೊಡಬಾರದು.

ಉಪ್ಪಿನಕಾಯಿ_ಭರಣಿ | ಬೆಳಿಗ್ಗೆ 10:04

ಬ್ಯಾಡಗಿ ಖಾರವೇ ಅಲ್ಲ, ಬಣ್ಣ. ಗುಂಟೂರು ತಿಂದು ನೋಡಿ ಆಮೇಲೆ ಮಾತಾಡಿ.

ಬ್ಯಾಡಗಿ_ಹುಡುಗ | ಬೆಳಿಗ್ಗೆ 10:06

ಬಣ್ಣಾನೂ ಐತಿ, ರುಚೀನೂ ಐತಿ. ಬ್ಯಾಡಗಿ ಬಗ್ಗೆ ಬ್ಯಾರೆ ಚರ್ಚೆ ತೆಗೀರಿ, ಬರ್ತೀನಿ.

ಕಾಡುಮಲ್ಲಿಗೆ | ಬೆಳಿಗ್ಗೆ 10:40

ನನ್ನದೊಂದು ಪ್ರಶ್ನೆ. ಫೆಬ್ರವರಿ 10, ಆಗಸ್ಟ್ 10ಕ್ಕೆ ಶಾಲೆಯಲ್ಲಿ ಜಂತುಹುಳದ ಮಾತ್ರೆ ನಾನೇ ಹಂಚುತ್ತೇನೆ. ಒಂದೊಂದು ಮಗುವೂ ಆಲ್ಬೆಂಡಜೋಲ್ ಅಗಿದು ಬಾಯಿ ತೆರೆದು ತೋರಿಸಬೇಕು. ಹುಳ ಬಂದರೂ ಈ ನರಗಳಿಗೆ ಗೊತ್ತಾಗುತ್ತಾ?

ಸೂಕ್ಷ್ಮದರ್ಶಿ | ಬೆಳಿಗ್ಗೆ 11:05

ಗೊತ್ತಾಗುತ್ತದೆ! 2017ರಲ್ಲಿ ಲಿಸ್ಬನ್ನಿನ ಅದೇ ತಂಡ ಮತ್ತು ನ್ಯೂಯಾರ್ಕಿನ ಡೇವಿಡ್ ಆರ್ಟಿಸ್ ತಂಡ ಒಟ್ಟೊಟ್ಟಿಗೆ ಹೇಳಿದವು. ಹುಳದ ಸುಳಿವು ಸಿಕ್ಕರೆ ನರ ನ್ಯೂರೋಮೆಡಿನ್ ಯು ಅನ್ನುವ ರಾಸಾಯನಿಕ ಬಿಡುತ್ತದೆ. ಪಕ್ಕದ ಐಎಲ್‌ಸಿ2 ಅನ್ನುವ ರೋಗನಿರೋಧಕ ಕೋಶಕ್ಕೆ ಅದನ್ನು ಕೇಳುವ ಕಿವಿ ಇದೆ. ಕೂಡಲೇ ಅದು ಹುಳ ಓಡಿಸುವ ಸರಕು ಬಿಡುತ್ತದೆ. ನರ ಹೇಳಿದರೆ ಬೇಗ, ಬಹಳ ಬೇಗ. ನಿಲ್ಲಿಸುವ ದಾರಿಯೂ ಇದೆ. ನಾರ್‌ಅಡ್ರಿನಾಲಿನ್ ಬಿಡುವ ನರಗಳು ಅದೇ ಕೋಶವನ್ನು ಸುಮ್ಮನಾಗಿಸುತ್ತವೆ. ಇದು 2018ರ ಕೆಲಸ. ಇವೆಲ್ಲ ಇಲಿಯಲ್ಲಿ ಕಂಡದ್ದು, ಲೆಕ್ಕಾಚಾರಿಯವರು ಕೇಳುವ ಮೊದಲೇ ಹೇಳಿದೆ.

ಪ್ರಾಣಾಯಾಮಿ | ಬೆಳಿಗ್ಗೆ 11:30

ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ಬಗ್ಗೆ ಯಾರೂ ಮಾತಾಡಲಿಲ್ಲ ಯಾಕೆ? ಮುಖಕ್ಕೆ ತಣ್ಣೀರು ಹಾಕಿ, ಭ್ರಾಮರಿ ಮಾಡಿ. ವೇಗಸ್ ಎಚ್ಚರಾಗಿ ಉರಿಯೂತ ಇಳಿಯುತ್ತದೆ. ಸೈನ್ಸೇ ಹೇಳಿದೆ.

ಲೆಕ್ಕಾಚಾರಿ | ಬೆಳಿಗ್ಗೆ 11:41

ಸೈನ್ಸ್ ಹೇಳಿದ್ದು ಅದಲ್ಲ. 2000ದಲ್ಲಿ ಅಮೆರಿಕದ ಕೆವಿನ್ ಟ್ರೇಸಿ ತಂಡ ಇಲಿಯ ವೇಗಸ್ ನರಕ್ಕೆ ನೇರವಾಗಿ ವಿದ್ಯುತ್ ಕೊಟ್ಟಿತು. ಬ್ಯಾಕ್ಟೀರಿಯಾದ ವಿಷ ಕೊಟ್ಟಿದ್ದರೂ ಟಿಎನ್‌ಎಫ್ ಅನ್ನುವ ಉರಿಯೂತದ ಪ್ರೋಟೀನ್ ಕಡಿಮೆ ಬಂತು. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು ಕತ್ತಿನೊಳಗೆ ಆಪರೇಷನ್ ಮಾಡಿ ಇಡುವ ಸಾಧನವನ್ನು. ಅದೂ ಸಂಧಿವಾತಕ್ಕೆ. ತಣ್ಣೀರಿಗೂ ಅದಕ್ಕೂ ಅಜಗಜಾಂತರ.

ಪ್ರಾಣಾಯಾಮಿ | ಬೆಳಿಗ್ಗೆ 11:48

ಉಸಿರಾಟದಿಂದ ನನಗೆ ನೆಮ್ಮದಿ ಸಿಕ್ಕಿದೆ. ಅದನ್ನು ಸುಳ್ಳು ಅನ್ನಬೇಡಿ.

ಹಳ್ಳಿ_ಡಾಕ್ಟ್ರು | ಮಧ್ಯಾಹ್ನ 12:20

ಇಬ್ಬರೂ ಸ್ವಲ್ಪ ತಡೆಯಿರಿ. ನಿಧಾನ ಉಸಿರಾಟ ಮಾಡಲಿ, ತೊಂದರೆ ಇಲ್ಲ. ಉರಿಯೂತದ ಔಷಧಿ ಅಂತ ಮಾತ್ರ ಹೇಳಬೇಡಿ.

ಟೆನ್ಷನ್ ವಿಷಯಕ್ಕೆ ಬರುತ್ತೇನೆ. "ಟೆನ್ಷನ್ ಬಿಡಿ" ಅಂತ ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಈಗ ಹಾಗೆ ಹೇಳುವುದಿಲ್ಲ. 2023ರಲ್ಲಿ ಪೆನ್ಸಿಲ್ವೇನಿಯಾದ ಒಂದು ತಂಡ ಇಲಿಗಳಲ್ಲಿ ದಾರಿಯನ್ನೇ ಹಿಡಿದು ತೋರಿಸಿತು. ದಿನಗಟ್ಟಲೆ ಒತ್ತಡ ಇದ್ದರೆ ಮೈಯ ಸ್ಟಿರಾಯ್ಡ್ ಹಾರ್ಮೋನು ಏರಿಯೇ ಇರುತ್ತದೆ. ಅದು ಕರುಳಿನ ಗ್ಲಿಯಾವನ್ನು ಬದಲಿಸುತ್ತದೆ. ಗ್ಲಿಯಾ ಉರಿಯೂತದ ಕೋಶಗಳನ್ನು ಕರೆಸಿಕೊಳ್ಳುತ್ತದೆ. ಅಂದರೆ ಮನಸ್ಸಿನ ಒತ್ತಡವೂ ಕರುಳಿನಲ್ಲಿ ನಿಜವಾದ ಊತವನ್ನೇ ತರುತ್ತದೆ. ಟೆನ್ಷನ್‌ನಿಂದ ಬಂದ ನೋವು ಸುಳ್ಳು ನೋವಲ್ಲ.

ಮೇಡಂ, ಹೊಟ್ಟೆಯ ಸೋಂಕು ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಐಬಿಎಸ್ ಉಳಿದುಕೊಳ್ಳುತ್ತದೆ. ಹೆಂಗಸರಿಗೆ ಜಾಸ್ತಿ. ನೀವು ಒಬ್ಬರೇ ಅಲ್ಲ. ಒಂದೆರಡು ಕೇಳಬೇಕು. ಮಲದಲ್ಲಿ ರಕ್ತ ಇದೆಯಾ? ತೂಕ ಇಳಿದಿದೆಯಾ? ರಾತ್ರಿ ನೋವಿಗೆ ಎಚ್ಚರ ಆಗುತ್ತದಾ? ಗೋಧಿಯ ಗ್ಲುಟನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸಿದ್ದೀರಾ?

ಕಾಡುಮಲ್ಲಿಗೆ | ಮಧ್ಯಾಹ್ನ 1:05

ರಕ್ತ ಇಲ್ಲ. ತೂಕ ಹಾಗೇ ಇದೆ. ರಾತ್ರಿ ನಿದ್ದೆ ಬರುತ್ತದೆ. ಸೀಲಿಯಾಕ್ ಟೆಸ್ಟ್ ಯಾರೂ ಬರೆದುಕೊಟ್ಟಿಲ್ಲ.

ಇನ್ನೊಂದು. ಒಬ್ಬರು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದಿದ್ದರು. ಅದು ಡಿಪ್ರೆಶನ್ ಮಾತ್ರೆ ಅಂತ ಮೆಡಿಕಲ್ ಶಾಪಿನ ಹುಡುಗ ಹೇಳಿದ. ನನ್ನನ್ನು ಹುಚ್ಚಿ ಅಂದುಕೊಂಡರು ಅಂತ ನೊಂದು ಮಾತ್ರೆ ತಗೊಳ್ಳಲೇ ಇಲ್ಲ.

ಹಳ್ಳಿ_ಡಾಕ್ಟ್ರು | ಮಧ್ಯಾಹ್ನ 1:30

ಅಯ್ಯೋ ಮೇಡಂ, ಬರೆದವರು ಎರಡು ಮಾತು ಬಿಡಿಸಿ ಹೇಳಬೇಕಿತ್ತು. ಡಿಪ್ರೆಶನ್‌ಗೆ ಕೊಡುವ ಡೋಸ್ ಇದಕ್ಕಿಂತ ತುಂಬಾ ಜಾಸ್ತಿ. ಈ 10 ಮಿಲಿಗ್ರಾಂ ಕೊಡುವುದು ಕರುಳಿನ ನೋವಿನ ನರಗಳ ಅಬ್ಬರ ಇಳಿಸಲು. ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳಲ್ಲಿ ಅರ್ಧ ಜನಕ್ಕೆ 10ರಿಂದ 30 ಮಿಲಿಗ್ರಾಂ ಕೊಟ್ಟು ನೋಡಿದರು, 2023ರಲ್ಲಿ ಫಲಿತಾಂಶ ಬಂತು. ಬರೀ ಸಕ್ಕರೆ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಬಾಯಿ ಒಣಗಬಹುದು, ನಿದ್ದೆ ಬರಬಹುದು, ಮಲಬದ್ಧತೆ ಆಗಬಹುದು. ನಿಮಗೆ ಹೊಂದುತ್ತದೋ ಇಲ್ಲವೋ ನಿಮ್ಮನ್ನು ನೋಡುವ ವೈದ್ಯರೇ ಹೇಳಬೇಕು. ಹಳೆ ಚೀಟಿ ತಗೊಂಡು ಹೋಗಿ ಕೇಳಿ.

ಗೋಧಿಯನ್ನು ಈಗಲೇ ಬಿಡಬೇಡಿ. ಬಿಟ್ಟರೆ ಸೀಲಿಯಾಕ್ ಟೆಸ್ಟು ತಪ್ಪು ತೋರಿಸುತ್ತದೆ. ಮೊದಲು ರಕ್ತ ಕೊಡಿ.

ಜೀರಿಗೆ_ಕಷಾಯ | ಮಧ್ಯಾಹ್ನ 1:52

ಅಕ್ಕ, ನಾನು ನಿನ್ನೆ ಗ್ಯಾಸು ಅಂತ ಹಗುರವಾಗಿ ಹೇಳಿಬಿಟ್ಟೆ. ಬೇಜಾರು ಮಾಡ್ಕೋಬೇಡಿ. ನಮ್ಮ ಅತ್ತೆಯನ್ನೂ ಒಂದು ಸಲ ಸರಿಯಾಗಿ ತೋರಿಸುತ್ತೇನೆ.

ಕಾಡುಮಲ್ಲಿಗೆ | ಭಾನುವಾರ (ಎರಡು ವಾರದ ನಂತರ), ಸಂಜೆ 6:15

ಎಲ್ಲರಿಗೂ ಸುದ್ದಿ ಹೇಳೋಣ ಅಂತ ಬಂದೆ. ಸೀಲಿಯಾಕ್ ನೆಗೆಟಿವ್. ಬೇರೆ ಡಾಕ್ಟರ ಹತ್ತಿರ ಹೋಗಿದ್ದೆ. ಮದುವೆ ಊಟದಿಂದ ಹಿಡಿದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ "ಸೋಂಕಿನ ನಂತರದ ಐಬಿಎಸ್" ಅಂತ ಚೀಟಿಯಲ್ಲಿ ಬರೆದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ನೋವಿಗೆ ಒಂದು ಹೆಸರು ಸಿಕ್ಕಿತು.

ಮಾತ್ರೆ ಶುರುವಾಗಿ ಎಂಟು ದಿನ. ಬಾಯಿ ಒಣಗುತ್ತಿದೆ, ನೀರಿನ ಬಾಟಲಿ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಮಗನ ಹಳೇ ನೋಟ್‌ಬುಕ್ಕಿನಲ್ಲಿ ತಿಂದದ್ದು, ನೋವು, ಗಂಟೆ ಎಲ್ಲ ಬರೆಯುತ್ತಿದ್ದೇನೆ. ಮುದ್ದೆ, ಅನ್ನ ತಿಂದ ದಿನ ನೋವು ಐದಕ್ಕೆ ಎರಡು ಅಂತ ಇದೆ. ಚಪಾತಿ ದಿನ ನಾಲ್ಕು. ಹಾಲಿನದು ಇನ್ನೂ ಗೊತ್ತಾಗಿಲ್ಲ.

ಲೆಕ್ಕಾಚಾರಿ | ಸಂಜೆ 6:31

ಎರಡು ವಾರ ಕಡಿಮೆ ಮೇಡಂ. ಇನ್ನೂ ಒಂದು ತಿಂಗಳು ಬರೆಯಿರಿ. ಶಾಲೆ ಇರುವ ದಿನ, ರಜೆ ದಿನ ಬೇರೆ ಬೇರೆ ಕಾಲಂ ಹಾಕಿ.

ಕಾಡುಮಲ್ಲಿಗೆ | ಸಂಜೆ 6:34

ಈಗಲೇ ಸ್ಕೇಲ್ ಹಿಡಿದು ಗೆರೆ ಹಾಕುತ್ತಿದ್ದೇನೆ.